ರೆಫ್ರಿ ಒಂದು ತಪ್ಪಿದರೆ ತಂಡ ಹತ್ತು ತಪ್ಪುವುದು ಯಾಕೆ?

ಮಂಗಳೂರಿನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ನೋಡುವವರಿಗೆ ಒಂದು ವಿಚಿತ್ರ ಕಷ್ಟ ಉಂಟು. ನಮ್ಮ ರಾಜ್ಯದ ತಂಡ ಬೆಂಗಳೂರು ಎಫ್‌ಸಿ. ಆದರೆ ತಲಪಾಡಿ ದಾಟಿದರೆ ಕೇರಳ. ಕಾಸರಗೋಡಿನ ನೆಂಟರು, ಅಲ್ಲಿಂದ ಇಲ್ಲಿಗೆ ಕಾಲೇಜಿಗೆ ಬರುವ ಹುಡುಗರು, ಏಳೇಳು ಜನ ಆಡುವ ಸೆವೆನ್ಸ್ ಟೂರ್ನಿಗಳಲ್ಲಿ ಆದ ಗೆಳೆತನ, ಎಲ್ಲ ಸೇರಿ ಕೇರಳ ಬ್ಲಾಸ್ಟರ್ಸ್‌ಗೂ ಇಲ್ಲಿ ಅಭಿಮಾನಿಗಳಿದ್ದಾರೆ. ಹಾಗಾಗಿ 2023ರ ಮಾರ್ಚ್ 3ರ ಪಂದ್ಯದ ಮಾತು ಎತ್ತಿದರೆ ಇವತ್ತಿಗೂ ಜಗಳ ಶುರುವಾಗುತ್ತದೆ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಈ ಎರಡು ತಂಡಗಳ ನಾಕೌಟ್ ಪಂದ್ಯ. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷದ ಹೊತ್ತಿಗೆ, ಬಾಕ್ಸ್‌ನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್‌ನವರು ಇನ್ನೂ ಗೋಡೆ ಕಟ್ಟುವ, ಅಂದರೆ ಚೆಂಡಿಗೆ ಅಡ್ಡವಾಗಿ ಸಾಲಾಗಿ ನಿಲ್ಲುವ, ತಯಾರಿಯಲ್ಲಿದ್ದರು. ಗೋಲ್‌ಕೀಪರ್ ತನ್ನ ಜಾಗದಲ್ಲಿರಲಿಲ್ಲ. ಸುನಿಲ್ ಛೆಟ್ರಿ ಯಾರಿಗೂ ಕಾಯದೆ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿದರು. ರೆಫ್ರಿ ಗೋಲು ಕೊಟ್ಟರು. ವಿಸಿಲ್ ಬರುವ ತನಕ ಕಾಯಬೇಕಿತ್ತು ಎಂದು ಬ್ಲಾಸ್ಟರ್ಸ್ ವಾದ. ನನಗೆ ವಿಸಿಲೂ ಬೇಡ, ಗೋಡೆಯೂ ಬೇಡ ಎಂದು ರೆಫ್ರಿಗೆ ಮೊದಲೇ ಹೇಳಿದ್ದೆ ಎಂದು ಛೆಟ್ರಿ ಆಮೇಲೆ ಹೇಳಿದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು. ಹೋದವರು ವಾಪಸ್ ಬರಲೇ ಇಲ್ಲ.

ಪಂದ್ಯ ಬೆಂಗಳೂರಿನ ಪಾಲಾಯಿತು. ಮರು ಪಂದ್ಯ ಬೇಕೆಂಬ ಬೇಡಿಕೆ ತಿರಸ್ಕಾರವಾಯಿತು. ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, ಮೇಲಿಂದ 5 ಲಕ್ಷ ದಂಡ.

ಗೋಲು ಸರಿಯೋ ತಪ್ಪೋ ಎಂಬ ಚರ್ಚೆ ಇರಲಿ. ನನಗೆ ಕಾಣುವ ಲೆಕ್ಕ ಬೇರೆ. 96ನೇ ನಿಮಿಷ ಅಂದರೆ ಇನ್ನೂ 24 ನಿಮಿಷ ಬಾಕಿ. ಹಿನ್ನಡೆ ಒಂದೇ ಗೋಲಿನದು. ಬಲೆಯೊಳಗೆ ಹೋದ ಚೆಂಡಿನಿಂದ ಬ್ಲಾಸ್ಟರ್ಸ್ ಕಳೆದುಕೊಂಡದ್ದು ಒಂದು ಗೋಲು. ಪಂದ್ಯ ಕಳೆದುಕೊಂಡದ್ದು ಅದರ ನಂತರದ ಕೆಲವು ನಿಮಿಷಗಳಲ್ಲಿ. ವೃತ್ತಿಪರರು, ಸಂಬಳ ತೆಗೆದುಕೊಳ್ಳುವವರು, ನೂರಾರು ಪಂದ್ಯ ಆಡಿದವರು ಆ ಕೆಲವು ನಿಮಿಷಗಳಲ್ಲಿ ಯಾಕೆ ಹೀಗಾಗುತ್ತಾರೆ? ಸುಮ್ನೆ "ಸಿಟ್ಟು ಮಾಡಬಾರದಿತ್ತು" ಎಂದರೆ ಉತ್ತರ ಸಿಗುವುದಿಲ್ಲ.

ರೆಫ್ರಿ ಕಣ್ಣಿಗೆ ಏನು ಕಾಣುತ್ತದೆ

ಮೊದಲು ರೆಫ್ರಿ ಕಡೆಯ ಮಾತು. ಆಫ್‌ಸೈಡ್ ತೆಗೆದುಕೊಳ್ಳಿ, ಅಂದರೆ ಚೆಂಡು ಪಾಸಾಗುವ ಗಳಿಗೆಯಲ್ಲಿ ಎದುರು ತಂಡದ ಕೊನೆಯ ಡಿಫೆಂಡರ್‌ನನ್ನು ದಾಟಿ ಗೋಲಿನ ಕಡೆಗೆ ಇರುವ ತಪ್ಪು. ಗೆರೆಯ ಬದಿಯಲ್ಲಿ ಬಾವುಟ ಹಿಡಿದ ಲೈನ್ಸ್‌ಮನ್ ಒಂದೇ ಗಳಿಗೆಯಲ್ಲಿ ಎರಡು ಕಡೆ ನೋಡಬೇಕು. ಚೆಂಡು ಕಾಲಿನಿಂದ ಹೊರಡುವುದು ಒಂದು ಕಡೆ, ಕೊನೆಯ ಡಿಫೆಂಡರ್ ಮತ್ತು ಮುನ್ನುಗ್ಗುವ ಆಟಗಾರ ಇನ್ನೊಂದು ಕಡೆ. ಮುನ್ನುಗ್ಗುವವನು ಸೆಕೆಂಡಿಗೆ 7 ಮೀಟರ್ ಓಡುತ್ತಿದ್ದಾನೆ, ಡಿಫೆಂಡರ್ ಎದುರು ದಿಕ್ಕಿನಲ್ಲಿ 4 ಮೀಟರ್ ಬರುತ್ತಿದ್ದಾನೆ ಎಂದುಕೊಳ್ಳಿ. ಕಣ್ಣು ಹೊರಳಿಸಲು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಇಬ್ಬರ ನಡುವಿನ ಅಂತರ ಒಂದು ಮೀಟರಿಗಿಂತ ಜಾಸ್ತಿ ಬದಲಾಗಿರುತ್ತದೆ.

ನಿಂತ ಜಾಗವೂ ಮೋಸ ಮಾಡುತ್ತದೆ. ಲೈನ್ಸ್‌ಮನ್ ಡಿಫೆಂಡರ್‌ನ ನೇರಕ್ಕೇ ನಿಂತಿರಬೇಕು. ಒಂದು ಹೆಜ್ಜೆ ಗೋಲಿನ ಕಡೆಗೆ ಹೋಗಿಬಿಟ್ಟರೆ ಅವನ ನೋಟ ಓರೆಯಾಗುತ್ತದೆ. ಆಗ ಡಿಫೆಂಡರ್‌ಗಿಂತ ಆಚೆ ಬದಿಯಲ್ಲಿ, ಸರಿಸಮನಾಗಿ ನಿಂತ ಆಟಗಾರನೂ ಮುಂದೆ ದಾಟಿದಂತೆ ಕಾಣುತ್ತಾನೆ. ಲೈನ್ಸ್‌ಮನ್ ಬಾವುಟ ಎತ್ತುತ್ತಾನೆ. ಅದರಲ್ಲಿ ಪಕ್ಷಪಾತ ಹುಡುಕಿದರೆ ಸಿಗುವುದಿಲ್ಲ, ಅಲ್ಲಿರುವುದು ಬರೀ ಕೋನದ ತಪ್ಪು.

ಗಲಾಟೆಯೂ ಕೆಲಸ ಮಾಡುತ್ತದೆ. ಇಂಗ್ಲೆಂಡಿನಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ರೆಫ್ರಿಗಳಿಗೆ ಒಂದೇ ಪಂದ್ಯದ ವಿಡಿಯೊ ತುಣುಕುಗಳನ್ನು ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಸದ್ದಿನ ಜೊತೆ, ಕೆಲವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರು ತಂಡದ ವಿರುದ್ಧ ಶೇಕಡಾ 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ಅವರಿಗೆ ಯಾರೂ ಲಂಚ ಕೊಟ್ಟಿರಲಿಲ್ಲ. ಕಿವಿ ಕಣ್ಣಿನ ಕೆಲಸದಲ್ಲಿ ತಲೆ ಹಾಕಿತ್ತು, ಅಷ್ಟೆ.

ನಮ್ಮ ನೆಹರೂ ಮೈದಾನದ ಮಳೆಗಾಲದ ಪಂದ್ಯಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಣ್ಣದ ಗೆರೆ ಒಂದು ಜೋರು ಮಳೆಗೆ ತೊಳೆದು ಹೋಗುತ್ತದೆ. ಎರಡೂ ತಂಡದ ಜೆರ್ಸಿ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಜನ ಗೆರೆಗೆ ಅಂಟಿಕೊಂಡೇ ನಿಂತಿರುತ್ತಾರೆ. ಅದರ ಮೇಲೆ "ಆ ರೆಫ್ರಿ ಯಾವ ಕಡೆಯವ ಮಾರಾಯ್ರೆ?" ಎಂಬ ಪ್ರಶ್ನೆ. ಊರು ಸಣ್ಣದು. ರೆಫ್ರಿ ಬೆಂಗರೆಯವನೋ, ಉಳ್ಳಾಲದವನೋ, ಕುದ್ರೋಳಿಯವನೋ ಆಗಿರಲೇಬೇಕಲ್ವಾ? ಹಿಂದೆ ಯಾವ ಕ್ಲಬ್ಬಿನ ಜೆರ್ಸಿಯನ್ನೂ ಹಾಕದ ರೆಫ್ರಿಯನ್ನು ಎಲ್ಲಿಂದ ತರುವುದು? ಆದರೆ ಈ ಒಂದು ಅನುಮಾನ ಮೊದಲೇ ಕೂತಿದ್ದರೆ, ಆಮೇಲೆ ಬರುವ ಸಣ್ಣ ತಪ್ಪೂ ಸಾಕ್ಷಿಯಾಗಿ ಕಾಣುತ್ತದೆ.

ತಲೆಯೊಳಗೆ ಆಗುವುದು

ಖಾಲಿ ಗೋಲಿಗೆ ಚೆಂಡು ಹಾಕಲಾಗದೆ ಹೋದ ಆಟಗಾರ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾನೆ. ಎರಡು ನಿಮಿಷ ಬೇಜಾರು. ಆಮೇಲೆ ಮತ್ತೆ ಓಡುತ್ತಾನೆ. ಯಾಕೆಂದರೆ ತಪ್ಪು ತನ್ನದು, ಸರಿಪಡಿಸುವ ದಾರಿಯೂ ತನ್ನ ಕಾಲಲ್ಲೇ ಇದೆ. ಮುಂದಿನ ಚೆಂಡು ಹಾಕಿದರಾಯಿತು.

ಮೋಸವಾಯಿತು ಅನ್ನಿಸಿದಾಗ ಹಾಗಾಗುವುದಿಲ್ಲ. ಈ ತಪ್ಪನ್ನು ಸರಿ ಮಾಡುವ ಶಕ್ತಿ ಇರುವುದು ಒಬ್ಬನಿಗೆ ಮಾತ್ರ, ರೆಫ್ರಿಗೆ. ಹಾಗಾಗಿ ಆಟಗಾರನ ಗಮನವೆಲ್ಲ ಚೆಂಡು ಬಿಟ್ಟು ಆ ಮನುಷ್ಯನ ಕಡೆಗೆ ಹೋಗುತ್ತದೆ. ಇದೇ ಇಡೀ ವಿಷಯದ ಗಂಟು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವನಿಗೆ ತಟ್ಟೆಯಲ್ಲಿ ಏನು ಬಡಿಸಿದ್ದಾರೆ ಎಂದು ತಿಳಿಯುವುದಿಲ್ಲ. ಅವನ ನಾಲಿಗೆ, ಬೆರಳು, ಯೋಚನೆ ಎಲ್ಲ ಆ ಮುಳ್ಳಿನ ಹತ್ತಿರವೇ. ಆಟ ಮಾತ್ರ ಯಾರಿಗೂ ಕಾಯದೆ ಮುಂದೆ ಹೋಗುತ್ತಿರುತ್ತದೆ.

1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಕೈಯಿಂದ ಹಾಕಿದ ಗೋಲು ಎಲ್ಲರಿಗೂ ಗೊತ್ತು. ಅದು 51ನೇ ನಿಮಿಷ. ಟುನೀಶಿಯಾದ ರೆಫ್ರಿ ಅಲಿ ಬಿನ್ ನಾಸರ್ ಅವರಿಗೆ ಕೈ ಕಾಣಲಿಲ್ಲ. ಇಂಗ್ಲೆಂಡ್ ಆಟಗಾರರು ಅವರ ಹಿಂದೆ ಓಡಿದರು. ಮರಡೋನಾ ಅರ್ಧ ಮೈದಾನ ದಾಟಿ ಐದಾರು ಜನರನ್ನು ತಪ್ಪಿಸಿ ಹಾಕಿದ ಎರಡನೇ ಗೋಲು ಬಂದದ್ದು 55ನೇ ನಿಮಿಷಕ್ಕೆ. ಬರೀ ನಾಲ್ಕು ನಿಮಿಷದ ಅಂತರ. ಆ ಗೋಲನ್ನು ಶಾಂತವಾಗಿದ್ದ ತಂಡವೂ ತಡೆಯುತ್ತಿರಲಿಲ್ಲವೇನೋ, ಅಷ್ಟು ಚಂದದ ಗೋಲು ಅದು. ಆದರೂ ಆ ನಾಲ್ಕು ನಿಮಿಷವನ್ನು ನಾನು ಸುಮ್ನೆ ಕಾಕತಾಳೀಯ ಎಂದು ಬಿಡಲಾರೆ.

ಯಾಕೆಂದರೆ ಇಂಥದ್ದು ಇನ್ನೂ ಉಂಟು. 2023ರ ಸೆಪ್ಟೆಂಬರ್ 30, ಟಾಟನ್‌ಹ್ಯಾಮ್ ಮತ್ತು ಲಿವರ್‌ಪೂಲ್. 34ನೇ ನಿಮಿಷದಲ್ಲಿ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹಾಕಿದ ಒಳ್ಳೆಯ ಗೋಲನ್ನು ಆಫ್‌ಸೈಡ್ ಎಂದು ತೆಗೆದುಹಾಕಿದರು. ಎರಡೇ ನಿಮಿಷದಲ್ಲಿ, 36ಕ್ಕೆ, ಟಾಟನ್‌ಹ್ಯಾಮ್ ಗೋಲು ಹಾಕಿತು. ಲಿವರ್‌ಪೂಲ್ ಆಗಲೇ ಒಬ್ಬನನ್ನು ಕೆಂಪು ಕಾರ್ಡಿಗೆ ಕಳೆದುಕೊಂಡಿತ್ತು. ದ್ವಿತೀಯಾರ್ಧದಲ್ಲಿ ಇನ್ನೊಬ್ಬನೂ ಹೋದ. ಒಂಬತ್ತು ಜನ ಉಳಿದು, ಕೊನೇ ಗಳಿಗೆಯಲ್ಲಿ ತಮ್ಮದೇ ಗೋಲಿಗೆ ಚೆಂಡು ಹಾಕಿಕೊಂಡು 2-1ಕ್ಕೆ ಸೋತರು.

ಆ ನಿಮಿಷಗಳಲ್ಲಿ ನಡೆಯುವುದನ್ನು ನಿಧಾನವಾಗಿ ನೋಡಿದರೆ ಮೊದಲು ಕಾಣುವುದು ಜಾಗದ ತಪ್ಪು. ನಾಲ್ಕು ಜನ ರೆಫ್ರಿಯನ್ನು ಸುತ್ತುವರಿದಿದ್ದಾರೆ ಅಂದರೆ, ಆ ನಾಲ್ಕು ಜನ ಇರಬೇಕಾದ ಕಡೆ ಯಾರೂ ಇಲ್ಲ. ಎದುರಾಳಿ ಫ್ರೀ ಕಿಕ್ಕನ್ನು ಬೇಗ ತೆಗೆದರೆ ಕಥೆ ಮುಗಿಯಿತು. ಇದಕ್ಕೆ ಮನಶ್ಶಾಸ್ತ್ರವೂ ಬೇಡ, ಲೆಕ್ಕ ಸಾಕು.

ಆಮೇಲೆ ಕೈ ಎತ್ತುವ ಚಟ. ಒಮ್ಮೆ ಅನ್ಯಾಯವಾಗಿದೆ ಎಂದು ನಂಬಿದ ಡಿಫೆಂಡರ್, ಮುಂದಿನ ಸಲ ಆಫ್‌ಸೈಡ್ ಎಂದು ಕೈ ಎತ್ತಿ ನಿಲ್ಲುತ್ತಾನೆ. ನಿಂತವನು ಓಡುವುದಿಲ್ಲ. ಬಾವುಟ ಏಳದಿದ್ದರೆ ಅದೂ ರೆಫ್ರಿಯದೇ ತಪ್ಪು. ಹೀಗೆ ಪ್ರತಿಯೊಂದು ತೀರ್ಪೂ ಅವನ ಲೆಕ್ಕದಲ್ಲಿ ಒಂದೇ ಖಾತೆಗೆ ಜಮಾ ಆಗುತ್ತದೆ. ತನಗೆ ಅನುಕೂಲವಾದ ತೀರ್ಪು ಮಾತ್ರ ನೆನಪಿನಲ್ಲಿ ಉಳಿಯುವುದಿಲ್ಲ.

ಇನ್ನು ಟ್ಯಾಕಲ್. ಸಿಟ್ಟಿನಲ್ಲಿರುವ ಆಟಗಾರ ಚೆಂಡಿಗೆ ಅರ್ಧ ಹೆಜ್ಜೆ ತಡವಾಗಿ ತಲುಪುತ್ತಾನೆ. ತಡವಾಗಿ ತಲುಪಿದ ಕಾಲು ಚೆಂಡಿನ ಬದಲು ಎದುರಾಳಿಯ ಕಣಕಾಲಿಗೆ ತಾಗುತ್ತದೆ. ರೆಫ್ರಿ ಕಾರ್ಡ್ ತೆಗೆಯುತ್ತಾನೆ. ಈಗ ಮತ್ತೊಂದು ಅನ್ಯಾಯ ಸಿಕ್ಕಿತು! 2006ರ ಜೂನ್ 25ರಂದು ನ್ಯೂರೆಂಬರ್ಗ್‌ನಲ್ಲಿ ಪೋರ್ಚುಗಲ್ ಮತ್ತು ನೆದರ್ಲೆಂಡ್ಸ್ ಆಡಿದ ಪಂದ್ಯದಲ್ಲಿ ರಷ್ಯಾದ ರೆಫ್ರಿ ವಾಲೆಂಟಿನ್ ಇವಾನೊವ್ 16 ಹಳದಿ, 4 ಕೆಂಪು ಕಾರ್ಡ್ ತೋರಿಸಿದರು. ರೆಫ್ರಿ ತನಗೇ ಒಂದು ಹಳದಿ ಕಾರ್ಡ್ ಕೊಟ್ಟುಕೊಳ್ಳಬೇಕಿತ್ತು ಎಂದು ಫಿಫಾ ಅಧ್ಯಕ್ಷ ಸೆಪ್ ಬ್ಲಾಟರ್ ಮೂದಲಿಸಿದರು. ಆಮೇಲೆ ಆ ಮಾತಿಗೆ ವಿಷಾದಿಸಿದರು. ಆಟಗಾರರು ಒಬ್ಬರನ್ನೊಬ್ಬರು ತುಳಿಯುತ್ತಿರುವಾಗ ರೆಫ್ರಿ ಕಾರ್ಡ್ ತೆಗೆಯದೆ ಇನ್ನೇನು ಮಾಡಬೇಕಿತ್ತು ಎಂದು ನನಗೂ ಅನ್ನಿಸುತ್ತದೆ. ಆದರೆ ಇಷ್ಟು ಕಾರ್ಡ್ ಕೊಟ್ಟರೂ ಪಂದ್ಯ ತಣ್ಣಗಾಗಲಿಲ್ಲ ಎಂಬುದೂ ನಿಜ.

ಸಿಟ್ಟು ಯಾವಾಗಲೂ ಒರಟು ಆಟವಾಗಿಯೇ ಹೊರಬರಬೇಕೆಂದಿಲ್ಲ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆಯ ಒಳಗೆ ಪುಟಿದು ಹೊರಗೆ ಬಂತು. ಟಿವಿ ನೋಡಿದವರಿಗೆಲ್ಲ ಕಂಡಿತು. ರೆಫ್ರಿಗೆ, ಲೈನ್ಸ್‌ಮನ್‌ಗೆ ಕಾಣಲಿಲ್ಲ. 2-2 ಆಗಬೇಕಿದ್ದ ಸ್ಕೋರ್ 2-1ರಲ್ಲೇ ನಿಂತಿತು. ದ್ವಿತೀಯಾರ್ಧದಲ್ಲಿ ಇಂಗ್ಲೆಂಡ್ ಆ ಬಾಕಿ ಗೋಲು ವಸೂಲು ಮಾಡಲು ಜನರನ್ನೆಲ್ಲ ಮುಂದೆ ಕಳಿಸಿತು. ಹಿಂದೆ ಖಾಲಿ. ಜರ್ಮನಿಯ ಥಾಮಸ್ ಮುಲ್ಲರ್ 67 ಮತ್ತು 70ನೇ ನಿಮಿಷದಲ್ಲಿ ಎರಡು ಗೋಲು ಹಾಕಿದರು. 4-1. ಇಲ್ಲಿ ಯಾರೂ ರೆಫ್ರಿಯನ್ನು ತಳ್ಳಲಿಲ್ಲ. ಆದರೆ ಬಾಕಿ ಈಗಲೇ ತೀರಿಸಬೇಕೆಂಬ ಆತುರವೂ ಮನಸ್ಸಿನ ಹಿಡಿತ ತಪ್ಪಿದ ಲಕ್ಷಣವೇ.

ಆಟ ಮತ್ತೆ ಶುರುವಾದರೆ ಮುಗಿಯಿತು

ಎಷ್ಟೋ ಆಟಗಾರರಿಗೇ ಗೊತ್ತಿಲ್ಲದ ಒಂದು ನಿಯಮ ಇದೆ. ಫುಟ್‌ಬಾಲ್ ನಿಯಮ ಪುಸ್ತಕದ ಐದನೇ ನಿಯಮದ ಪ್ರಕಾರ, ಆಟದ ಘಟನೆಗಳ ಬಗ್ಗೆ ರೆಫ್ರಿ ಕೊಟ್ಟ ತೀರ್ಪು ಅಂತಿಮ. ಗೋಲು ಆಯಿತೇ ಇಲ್ಲವೇ ಎಂಬುದೂ ಅದರಲ್ಲಿ ಸೇರಿದೆ. ತಪ್ಪಾಯಿತೆಂದು ರೆಫ್ರಿಗೇ ಅನ್ನಿಸಿದರೆ, ಅಥವಾ ಲೈನ್ಸ್‌ಮನ್ ಹೇಳಿದರೆ, ಅವನು ತೀರ್ಪು ಬದಲಿಸಬಹುದು. ಆದರೆ ಆಟ ಮತ್ತೆ ಶುರುವಾಗುವ ಮೊದಲು ಮಾತ್ರ. ಶುರುವಾದ ಮೇಲೆ ಹಿಂದೆ ಹೋಗುವ ದಾರಿ ಇಲ್ಲ.

ಡಿಯಾಸ್ ಗೋಲಿನಲ್ಲಿ ಆದದ್ದು ಇದೇ. ವಿಡಿಯೊ ರೆಫ್ರಿ ಗೆರೆ ಎಳೆದು ಸರಿಯಾಗಿಯೇ ನೋಡಿದ್ದರು. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಎಂದು ತಪ್ಪು ತಿಳಿದು, ಪರಿಶೀಲನೆ ಮುಗಿಯಿತು ಎಂದುಬಿಟ್ಟರು. ಮೈದಾನದಲ್ಲಿ ಕೊಟ್ಟದ್ದು ಆಫ್‌ಸೈಡ್. ಎಂಥ ಸಾವು ಮಾರಾಯ್ರೆ! ತಪ್ಪು ಗೊತ್ತಾಗುವಷ್ಟರಲ್ಲಿ ಫ್ರೀ ಕಿಕ್ ಆಗಿ ಆಟ ಶುರುವಾಗಿತ್ತು. ಆ ಕೋಣೆಯ ಸಂಭಾಷಣೆಯನ್ನು ಆಮೇಲೆ ಬಿಡುಗಡೆ ಮಾಡಿದರು. ಆಟ ನಿಲ್ಲಿಸಿ ಎಂದು ಒಬ್ಬರು ಕೇಳುವುದು, ಇನ್ನು ಏನೂ ಮಾಡುವಂತಿಲ್ಲ ಎಂದು ಇನ್ನೊಬ್ಬರು ಹೇಳುವುದು ಅದರಲ್ಲಿದೆ. ತಪ್ಪಾಗಿದೆ ಎಂದು ಗೊತ್ತಿದ್ದೂ ಸುಮ್ಮನಿರಬೇಕಾದ ಸ್ಥಿತಿ.

ಈ ನಿಯಮ ಕ್ರೂರ ಅನ್ನಿಸಬಹುದು. ಆದರೆ ಇಲ್ಲದಿದ್ದರೆ ಯಾವ ಪಂದ್ಯವೂ ಮುಗಿಯುವುದಿಲ್ಲ. ಹಾಗಾಗಿ ಆಟಗಾರನಿಗೆ ಇದರಲ್ಲಿ ಒಂದು ಉಪಯೋಗದ ಸುದ್ದಿ ಉಂಟು. ಮಾತಾಡಲು ಸಮಯ ಇದ್ದರೆ ಅದು ಆಟ ಶುರುವಾಗುವ ಮೊದಲಿನ ಅರ್ಧ ನಿಮಿಷ. ಆಗಲೂ ಆರು ಜನ ಬೊಬ್ಬೆ ಹೊಡೆದರೆ ರೆಫ್ರಿ ಕೇಳುವುದಿಲ್ಲ, ಕೇಳಲೂಬಾರದು. ಕ್ಯಾಪ್ಟನ್ ಒಬ್ಬನೇ ಹೋಗಿ, "ಸರ್, ಲೈನ್ಸ್‌ಮನ್‌ಗೆ ಕಂಡಿರಬಹುದು, ಒಮ್ಮೆ ಕೇಳಿ" ಎಂದರೆ ಕೆಲಸವಾಗುವ ಸಣ್ಣ ಅವಕಾಶ ಇರುತ್ತದೆ. ಆಟ ಶುರುವಾದ ಮೇಲೆ ಕಿರುಚುವುದೆಲ್ಲ ಬರೀ ಉಸಿರು ದಂಡ.

2024ರ ಯೂರೊ ಕಪ್‌ನಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಇದನ್ನೇ ಜಾರಿ ಮಾಡಿತು. ತೀರ್ಪಿನ ಬಗ್ಗೆ ಕೇಳಲು ಕ್ಯಾಪ್ಟನ್ ಮಾತ್ರ ರೆಫ್ರಿ ಹತ್ತಿರ ಬರಬೇಕು. ಬೇರೆಯವರು ಮುತ್ತಿಗೆ ಹಾಕಿದರೆ ಹಳದಿ ಕಾರ್ಡ್. ಬದಲಿಗೆ ರೆಫ್ರಿ ಕೂಡ ತೀರ್ಪಿನ ಕಾರಣವನ್ನು ಕ್ಯಾಪ್ಟನ್‌ಗೆ ಹೇಳಬೇಕು. ನನ್ನ ಪ್ರಕಾರ ಈ ಎರಡನೇ ಭಾಗವೇ ದೊಡ್ಡದು. ಮನುಷ್ಯ ಸೋಲನ್ನು ನುಂಗುತ್ತಾನೆ, ತನ್ನ ಮಾತು ಯಾರೂ ಕೇಳಲಿಲ್ಲ ಎಂಬುದನ್ನು ನುಂಗುವುದಿಲ್ಲ. "ನನಗೆ ಕಂಡದ್ದು ಹೀಗೆ" ಎಂದು ರೆಫ್ರಿ ಎರಡು ಮಾತು ಹೇಳಿದರೆ ಸಿಟ್ಟು ಅರ್ಧ ಇಳಿಯುತ್ತದೆ.

ಮಾತೇ ಅರ್ಥವಾಗದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ 1966ರ ವಿಶ್ವಕಪ್ ಸಾಕ್ಷಿ. ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ ಕ್ಯಾಪ್ಟನ್ ಅಂಟೋನಿಯೊ ರಟ್ಟೀನ್ ಅವರನ್ನು ರೆಫ್ರಿ ಹೊರಗೆ ಕಳಿಸಿದರು. ರೆಫ್ರಿ ಜರ್ಮನ್, ರಟ್ಟೀನ್ ಮಾತು ಸ್ಪ್ಯಾನಿಷ್. ಆಗ ಕಾರ್ಡ್ ಇರಲಿಲ್ಲ. ರಟ್ಟೀನ್ ಎಷ್ಟೋ ಹೊತ್ತು ಮೈದಾನ ಬಿಡದೆ ನಿಂತರು. ಆ ಟೂರ್ನಿಯ ರೆಫ್ರಿಗಳ ಉಸ್ತುವಾರಿ ನೋಡುತ್ತಿದ್ದ ಕೆನ್ ಆಸ್ಟನ್ ಅವರಿಗೆ ಟ್ರಾಫಿಕ್ ಸಿಗ್ನಲ್ ನೋಡಿ ಹಳದಿ, ಕೆಂಪು ಬಣ್ಣದ ಯೋಚನೆ ಹೊಳೆಯಿತು. 1970ರ ವಿಶ್ವಕಪ್‌ನಿಂದ ಕಾರ್ಡ್ ಬಂತು.

ಮೈದಾನ ಬಿಟ್ಟು ಹೋದವರು

ಹೊರನಡೆದು ಗೆದ್ದವರು ಯಾರಾದರೂ ಇದ್ದಾರೆಯೇ? ಒಂದು ವಿಚಿತ್ರ ಪ್ರಕರಣ ಇದೆ. 1982ರ ವಿಶ್ವಕಪ್, ಸ್ಪೇನಿನ ವಯ್ಯಾದೊಲಿದ್‌ನಲ್ಲಿ ಫ್ರಾನ್ಸ್ ಮತ್ತು ಕುವೈತ್. ಗ್ಯಾಲರಿಯಿಂದ ಯಾರೋ ವಿಸಿಲ್ ಊದಿದರು. ರೆಫ್ರಿಯೇ ಊದಿದ್ದು ಎಂದುಕೊಂಡು ಕುವೈತ್ ಆಟಗಾರರು ನಿಂತರು. ಫ್ರಾನ್ಸಿನ ಅಲೆನ್ ಜಿರೆಸ್ ನಿಲ್ಲದೆ ಗೋಲು ಹಾಕಿದರು. ಕುವೈತ್‌ನವರು ಆಡುವುದಿಲ್ಲ ಎಂದು ಹಟ ಹಿಡಿದರು. ಅವರ ಫುಟ್‌ಬಾಲ್ ಸಂಸ್ಥೆಯ ಮುಖ್ಯಸ್ಥ ಶೇಖ್ ಫಹದ್ ಗ್ಯಾಲರಿಯಿಂದ ಇಳಿದು ನೇರ ಮೈದಾನಕ್ಕೇ ಬಂದರು. ಸೋವಿಯತ್ ರೆಫ್ರಿ ಮಿರೊಸ್ಲಾವ್ ಸ್ಟುಪಾರ್ ಕೊಟ್ಟ ಗೋಲನ್ನು ವಾಪಸ್ ತೆಗೆದುಕೊಂಡರು!

ಹಟ ಗೆದ್ದಿತು. ಪಂದ್ಯ ಗೆಲ್ಲಲಿಲ್ಲ. ಫ್ರಾನ್ಸ್ 4-1ಕ್ಕೆ ಗೆದ್ದಿತು. ಶೇಖ್‌ಗೆ ದಂಡ ಬಿತ್ತು, ರೆಫ್ರಿಯ ಅಂತಾರಾಷ್ಟ್ರೀಯ ಮಾನ್ಯತೆ ಹೋಯಿತು. ಅವತ್ತು ಫಿಫಾ ಕಲಿತ ಪಾಠ ಸ್ಪಷ್ಟ: ಹೊರನಡೆದವರಿಗೆ ಮಣಿದರೆ ಮುಂದಿನ ಸಲ ಎಲ್ಲರೂ ಹೊರನಡೆಯುತ್ತಾರೆ.

ಭಾರತದಲ್ಲಿ ಬ್ಲಾಸ್ಟರ್ಸ್‌ಗಿಂತ ಮೊದಲು ಮೋಹನ್ ಬಗಾನ್ ಇದನ್ನು ಮಾಡಿತ್ತು. 2012ರ ಡಿಸೆಂಬರ್ 9, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ, ಆಗಿನ ಮುಖ್ಯ ಲೀಗ್ ಆಗಿದ್ದ ಐ-ಲೀಗ್‌ನ ಪಂದ್ಯ. ಬಗಾನ್‌ನ ಓಡಾಫಾ ಒಕೋಲಿಗೆ ಕೆಂಪು ಕಾರ್ಡ್ ಬಂತು. ಗ್ಯಾಲರಿಯಿಂದ ಬಂದ ಕಲ್ಲು ಅದೇ ತಂಡದ ರಹೀಂ ನಬಿಗೆ ತಾಗಿತು. ಹಾಫ್‌ಟೈಮ್ ನಂತರ ಬಗಾನ್ ಮೈದಾನಕ್ಕಿಳಿಯಲಿಲ್ಲ. ಮೊದಲು ಎರಡು ವರ್ಷದ ನಿಷೇಧ ಹಾಕಿದರು. ಆಮೇಲೆ ಅದನ್ನು ತೆಗೆದು 2 ಕೋಟಿ ದಂಡ ಹಾಕಿ, ಆ ಸೀಸನ್‌ನಲ್ಲಿ ಅದುವರೆಗೆ ಗಳಿಸಿದ ಅಂಕಗಳನ್ನೆಲ್ಲ ಸೊನ್ನೆ ಮಾಡಿದರು. ಕಲ್ಲು ಬಿದ್ದ ಮೇಲೆ ಆಡುವುದಿಲ್ಲ ಎಂದರೆ ಅದರಲ್ಲಿ ನ್ಯಾಯ ಇತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅದನ್ನು ನಿರ್ಧರಿಸುವ ಅಧಿಕಾರ ರೆಫ್ರಿ ಮತ್ತು ಪಂದ್ಯದ ಕಮಿಷನರ್ ಕೈಯಲ್ಲಿ ಇರುತ್ತದೆ, ತಂಡದ ಕೈಯಲ್ಲಿ ಅಲ್ಲ.

ಲೇಸರ್ ಬಂದರೆ ಸರಿಯಾಗುತ್ತದಾ?

ಕರಾವಳಿಯವರು ತಂತ್ರಜ್ಞಾನದ ತೀರ್ಪಿಗೆ ಹೊಸಬರಲ್ಲ. ಕಂಬಳದಲ್ಲಿ ಯಾವ ಜೋಡಿ ಕೋಣ ಮೊದಲು ಗುರಿ ಮುಟ್ಟಿತು ಎಂದು ಹೇಳಲು ಈಗ ಲೇಸರ್ ಉಂಟು. ಕೆಸರು ನೀರು ಹಾರುವಾಗ ಬರಿಗಣ್ಣಿಗೆ ಸಿಗದ ಕೂದಲೆಳೆ ಅಂತರವನ್ನು ಅದು ಹಿಡಿಯುತ್ತದೆ. ಫುಟ್‌ಬಾಲ್‌ನಲ್ಲೂ ಲ್ಯಾಂಪಾರ್ಡ್ ಗೋಲಿನ ಗಲಾಟೆಯ ನಂತರ, 2012ರಲ್ಲಿ, ಗೋಲ್‌ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು. 2014ರ ವಿಶ್ವಕಪ್‌ನಲ್ಲಿ ಬಳಸಿದರು. ಚೆಂಡು ಪೂರ್ತಿ ಗೆರೆ ದಾಟಿದರೆ ರೆಫ್ರಿಯ ವಾಚ್ ಹೇಳುತ್ತದೆ. ಅಲ್ಲಿಗೆ ಆ ಜಗಳ ಮುಗಿಯಿತು.

ಆದರೆ ಗೆರೆಯ ಪ್ರಶ್ನೆ ಬೇರೆ, ಅಭಿಪ್ರಾಯದ ಪ್ರಶ್ನೆ ಬೇರೆ. ಚೆಂಡು ದಾಟಿತೇ ಎಂಬುದಕ್ಕೆ ಹೌದು ಇಲ್ಲ ಎಂಬ ಉತ್ತರ ಇದೆ. ಕೈಗೆ ಚೆಂಡು ತಾಗಿದ್ದು ಬೇಕಂತಲೋ, ತಳ್ಳಿದ್ದು ಬೀಳುವಷ್ಟು ಜೋರಾಗಿತ್ತೋ, ಇದಕ್ಕೆ ಯಾವ ಲೇಸರ್ ಉತ್ತರ ಕೊಡುತ್ತದೆ? 2018ರಿಂದ ವಿಶ್ವಕಪ್‌ಗೂ ಬಂದ ವಿಎಆರ್, ಅಂದರೆ ವಿಡಿಯೊ ರೆಫ್ರಿ ವ್ಯವಸ್ಥೆ, ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ತಪ್ಪು ಆಟಗಾರನಿಗೆ ಕಾರ್ಡ್ ಇಂಥವನ್ನು ನೋಡುತ್ತದೆ. ಅದೂ ಕಣ್ಣಿಗೆ ರಾಚುವ ತಪ್ಪಾಗಿದ್ದರೆ ಮಾತ್ರ. ಕಣ್ಣಿಗೆ ರಾಚುವುದು ಎಂದರೆ ಎಷ್ಟು ಎಂಬುದೇ ಈಗಿನ ಜಗಳ. ಮೇಲಾಗಿ, ಹತ್ತು ಕ್ಯಾಮೆರಾ ಇದ್ದೂ ತಪ್ಪಿದರೆ ಆಟಗಾರನ ಸಿಟ್ಟು ಹೆಚ್ಚುತ್ತದೆ. ಮೊದಲಾದರೆ "ಪಾಪ, ಕಾಣಲಿಲ್ಲ" ಎನ್ನಬಹುದಿತ್ತು.

ಜಿಲ್ಲಾ ಪಂದ್ಯಗಳಿಗೆ ವಿಎಆರ್ ಬರುವುದಿಲ್ಲ. ನಮ್ಮಲ್ಲಿ ರೆಫ್ರಿ, ಇಬ್ಬರು ಲೈನ್ಸ್‌ಮನ್, ಒಂದು ವಿಸಿಲ್. ರಾತ್ರಿ ಲೈಟಿನ ಸೆವೆನ್ಸ್ ಆದರೆ ಅಷ್ಟೂ ಇರುವುದಿಲ್ಲ. ಹಾಗಾಗಿ ನಮ್ಮ ತಂಡಗಳಿಗೆ ತಪ್ಪು ತೀರ್ಪು ಮಳೆಯ ಹಾಗೆಯೇ ಆಟದ ಭಾಗ. ಕೆಸರಿನಲ್ಲಿ ಆಡಲು ಅಭ್ಯಾಸ ಮಾಡುವವರು ತಪ್ಪು ತೀರ್ಪಿನಲ್ಲಿ ಆಡುವ ಅಭ್ಯಾಸವನ್ನು ಯಾಕೆ ಮಾಡುವುದಿಲ್ಲ ಎಂಬುದೇ ನನ್ನ ಪ್ರಶ್ನೆ.

ಅಭ್ಯಾಸ ಹೇಗೆ? ಪ್ರಾಕ್ಟೀಸ್ ಪಂದ್ಯದಲ್ಲಿ ಕೋಚ್ ಬೇಕಂತಲೇ ತಪ್ಪು ವಿಸಿಲ್ ಊದಬೇಕು. ಗೋಲಾದದ್ದನ್ನು ಇಲ್ಲ ಅನ್ನಬೇಕು. ಫೌಲ್ ಇಲ್ಲದೆ ಪೆನಾಲ್ಟಿ ಕೊಡಬೇಕು. ಹುಡುಗರು ಜಗಳಕ್ಕೆ ನಿಂತಾಗ ಚೆಂಡನ್ನು ಎದುರು ತಂಡಕ್ಕೆ ಕೊಟ್ಟು ಆಟ ಶುರು ಮಾಡಿಬಿಡಬೇಕು. ಗೋಲು ತಿಂದ ಮೇಲೆ ತಾವೇ ಕಲಿಯುತ್ತಾರೆ. ಮಾತಾಡುವವನು ಒಬ್ಬನೇ ಎಂದು ಮೊದಲೇ ಗೊತ್ತು ಮಾಡಬೇಕು. ಅವನು ಹೋದಾಗ ಅವನ ಜಾಗಕ್ಕೆ ಯಾರು ಎಂಬುದನ್ನೂ ಹೇಳಿಕೊಡಬೇಕು. ಉಳಿದವರಿಗೆ ಕೈಗೊಂದು ಕೆಲಸ ಬೇಕು: ಗೋಡೆಗೆ ನಿಲ್ಲುವುದು, ಒಬ್ಬೊಬ್ಬ ಎದುರಾಳಿಯನ್ನು ಹಿಡಿಯುವುದು, ಚೆಂಡಿನ ಮುಂದೆ ಹೋಗಿ ನಿಂತುಕೊಳ್ಳದಿರುವುದು. "ಶಾಂತವಾಗಿರಿ" ಎಂದು ಕಿರುಚಿದರೆ ಯಾರೂ ಶಾಂತರಾಗುವುದಿಲ್ಲ. ಕೆಲಸ ಕೊಟ್ಟರೆ ಆಗುತ್ತಾರೆ.

ಗಲಾಟೆಯ ನಡುವೆ ತಲೆ ಓಡಿಸಿದವರು ಹೇಗಿರುತ್ತಾರೆ ಎಂದು ನೋಡಬೇಕಾದರೆ 2022ರ ವಿಶ್ವಕಪ್‌ನ ಅರ್ಜೆಂಟೀನಾ, ನೆದರ್ಲೆಂಡ್ಸ್ ಪಂದ್ಯ ನೋಡಿ. ಸ್ಪೇನಿನ ರೆಫ್ರಿ ಮಾತೆವ್ ಲಾವೋಸ್ ಕಾರ್ಡ್ ಮೇಲೆ ಕಾರ್ಡ್ ತೆಗೆಯುತ್ತಿದ್ದರು. ಬೆಂಚಿನಲ್ಲಿದ್ದವರೂ ಮೈದಾನಕ್ಕೆ ನುಗ್ಗಿದ್ದರು. 90 ನಿಮಿಷದ ಮೇಲೆ ಕೊಟ್ಟ ಹತ್ತು ನಿಮಿಷವೂ ಮುಗಿಯುತ್ತಿತ್ತು. ಬಾಕ್ಸ್ ಹತ್ತಿರ ಸಿಕ್ಕ ಫ್ರೀ ಕಿಕ್ಕನ್ನು ನೆದರ್ಲೆಂಡ್ಸ್ ಗೋಲಿಗೆ ಹೊಡೆಯುವಂತೆ ನಟಿಸಿ, ಗೋಡೆಯ ಪಕ್ಕದಲ್ಲಿ ಮೆಲ್ಲಗೆ ತಳ್ಳಿತು. ವೌಟ್ ವೆಘೋರ್ಸ್ಟ್ 101ನೇ ನಿಮಿಷದಲ್ಲಿ 2-2 ಮಾಡಿದರು. ಕೊನೆಗೆ ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಗೆದ್ದಿತು, ಅದು ಬೇರೆ ಮಾತು. ಅಂಥ ಬೆಂಕಿಯಲ್ಲಿ ಇಷ್ಟು ತಣ್ಣನೆಯ ಕಿಕ್ ಹೊಳೆಯಬೇಕಾದರೆ ಅದನ್ನು ಮೊದಲೇ ಅಭ್ಯಾಸ ಮಾಡಿರಬೇಕು.

ಇನ್ನು ಗೆರೆಯ ಹೊರಗಿನವರು. ಶಾಲಾ ಪಂದ್ಯಗಳಲ್ಲಿ ಮೊದಲು ಹಿಡಿತ ತಪ್ಪುವುದು ಮಕ್ಕಳಲ್ಲ, ಕೋಚ್ ಮತ್ತು ಅಪ್ಪ. ದೊಡ್ಡವರು ಬೊಬ್ಬೆ ಹೊಡೆದರೆ ಹದಿಮೂರು ವರ್ಷದ ಹುಡುಗನಿಗೆ ಅದೇ ಅನುಮತಿ. 2019ರಿಂದ ಕೋಚ್‌ಗೂ ಹಳದಿ, ಕೆಂಪು ಕಾರ್ಡ್ ತೋರಿಸುವ ಅಧಿಕಾರ ರೆಫ್ರಿಗೆ ಇದೆ. ನಮ್ಮಲ್ಲಿ ಅದನ್ನು ಬಳಸುವವರು ಕಡಿಮೆ. ಪರಿಚಯದವರು, ನಾಳೆ ಮಾರ್ಕೆಟಿನಲ್ಲಿ ಸಿಗುವವರು ಎಂಬ ದಾಕ್ಷಿಣ್ಯ.

ಇಂಗ್ಲೆಂಡಿನ ಕೆಳ ಹಂತದ ಫುಟ್‌ಬಾಲ್‌ನಲ್ಲಿ 2019ರಿಂದ ಇನ್ನೊಂದು ಪದ್ಧತಿ ಇದೆ. ರೆಫ್ರಿಗೆ ಎದುರು ಮಾತಾಡಿ ಹಳದಿ ಕಾರ್ಡ್ ತಿಂದವನು 10 ನಿಮಿಷ ಹೊರಗೆ ಕೂರಬೇಕು. ಆಮೇಲೆ ವಾಪಸ್ ಬರಬಹುದು. ನನಗೆ ಇದು ಬಹಳ ಇಷ್ಟ. ಸಿಟ್ಟು ಇಳಿಯಲು ಸಮಯ ಸಿಗುತ್ತದೆ. ತಂಡ ಹತ್ತು ಜನರಲ್ಲಿ ಆಡಬೇಕಾಗಿ ಬರುವುದರಿಂದ ಬುದ್ಧಿ ಹೇಳುವ ಕೆಲಸವನ್ನು ಜೊತೆ ಆಟಗಾರರೇ ಮಾಡುತ್ತಾರೆ. ಮಂಗಳೂರಿನ ನೆಹರೂ ಮೈದಾನದಲ್ಲೋ ಉಡುಪಿಯ ಅಜ್ಜರಕಾಡಿನಲ್ಲೋ ನಡೆಯುವ ಹೈಸ್ಕೂಲ್ ಟೂರ್ನಿಗಳಲ್ಲಿ ಮೊದಲು ಇದನ್ನು ಪ್ರಯೋಗ ಮಾಡಿ ನೋಡಬಹುದು. ಹೊರಗೆ ಕೂತವನ ಸಮಯ ನೋಡಲು ಸಂಘಟಕರ ಮೇಜಿನಲ್ಲಿ ವಾಚ್ ಹಿಡಿದ ಒಬ್ಬರು ಬೇಕು, ಮತ್ತು ಆ ಒಬ್ಬರು ಯಾವ ಶಾಲೆಯವರೂ ಆಗಿರಬಾರದು.